ಪದಚರ್ಚೆ: ಬ್ರಿಜ್ ಪಿಕಪ್‌ಗಳ ದನಿ ಹೋಲಿಸಲು ಕನ್ನಡದಲ್ಲಿ ಯಾವ ಮಾತು?

ಪ್ರಶ್ನೆ:

ಎಲೆಕ್ಟ್ರಿಕ್ ಗಿಟಾರ್‌ನ ಬ್ರಿಜ್ ಪಿಕಪ್‌ಗಳನ್ನು ಹೋಲಿಸುವ ಒಂದು ಬರಹಕ್ಕೆ ಪದಗಳು ಬೇಕಾಗಿವೆ. (ಪಿಕಪ್ ಅಂದರೆ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ, ಅಯಸ್ಕಾಂತವೂ ವೈರ್ ಸುರುಳಿಯೂ, ಅಂದರೆ ಕಾಯಿಲ್, ಇರುವ ಸಾಧನ.) ಬ್ರೈಟ್, ಟ್ವ್ಯಾಂಗ್, ಶ್ರಿಲ್, ಹಾಟ್, ಮಡಿ ಇವುಗಳಿಗೆ ಪ್ರಕಾಶಮಾನ, ಬಿಸಿ, ಕೆಸರು ಎಂದು ಬರೆದರೆ ಓದುವವರ ಕಿವಿಗೆ ಏನೂ ಬೀಳುವುದಿಲ್ಲ. ಫೆಂಡರ್ ಕಂಪನಿಯ ಟೆಲಿಕ್ಯಾಸ್ಟರ್, ಸ್ಟ್ರಾಟೊಕ್ಯಾಸ್ಟರ್ ಗಿಟಾರ್‌ಗಳ ಪಿಕಪ್, ಎರಡು ಕಾಯಿಲ್‌ಗಳ ಹಂಬಕರ್ ಪಿಕಪ್ ಈ ಮೂರರ ವ್ಯತ್ಯಾಸ ಮಾತಿನಲ್ಲೇ ಗೊತ್ತಾಗಬೇಕು. ಬ್ರಿಜ್‌ಗೆ ವೀಣೆಯವರ ‘ಕುದುರೆ’ ನಡೆಯುತ್ತದೆಯೇ?

ಉತ್ತರ 1:

ಕುದುರೆ ಸರಿಯಾದ ಪದವೇ, ಆದರೆ ‘ಕುದುರೆ ಪಿಕಪ್’ ಬೇಕು ಎಂದು ಅಂಗಡಿಯಲ್ಲಿ ಕೇಳಿದರೆ ನಕ್ಕಾರು. ಒಮ್ಮೆ ‘ಬ್ರಿಜ್, ಅಂದರೆ ಕುದುರೆ’ ಎಂದು ಹೇಳಿ ಮುಂದೆ ಬ್ರಿಜ್ ಎಂದೇ ಬರೆಯಿರಿ. ವೀಣೆ ಬಲ್ಲವರಿಗೆ ಅಷ್ಟರಿಂದಲೇ ಅರ್ಧ ವಿಷಯ ತಿಳಿದಿರುತ್ತದೆ: ಕುದುರೆಯ ಹತ್ತಿರ ತಂತಿಯ ಅಲುಗಾಟ ಕಡಿಮೆ, ಅದರಲ್ಲೂ ಮೂಲಸ್ವರದ ಪಾಲು ತೀರ ಸಣ್ಣದು, ಮೇಲಿನ ಹಾರ್ಮೋನಿಕ್‌ಗಳ ಪಾಲು ದೊಡ್ಡದು. ತಂಬೂರಿಯವರು ಸ್ವಯಂಭೂ ಸ್ವರ ಎನ್ನುವುದು ಇವನ್ನೇ. ಫೆಂಡರ್‌ನ ಈ ಎರಡು ಗಿಟಾರ್‌ಗಳಲ್ಲಿ ತಂತಿಯ ಉದ್ದ 648 ಮಿಲಿಮೀಟರ್. ಸ್ಟ್ರಾಟೊಕ್ಯಾಸ್ಟರ್‌ನ ಬ್ರಿಜ್ ಪಿಕಪ್ ಕುದುರೆಯಿಂದ ಸುಮಾರು 40 ಮಿಲಿಮೀಟರ್ ದೂರದಲ್ಲಿದ್ದರೆ, ಕತ್ತಿನ ಕಡೆಯದು ಸುಮಾರು 160ರಲ್ಲಿದೆ. ಬ್ರಿಜ್ ಪಿಕಪ್ ಚುರುಕಾಗಿಯೂ ತೆಳ್ಳಗೂ ಕೇಳುವುದು ಇದರಿಂದಲೇ. ಬ್ರೈಟ್‌ಗೆ ‘ಚುರುಕು’ ಸಾಕು.

ಟ್ವ್ಯಾಂಗ್‌ಗೆ ಹುಡುಕಬೇಕಾಗಿಯೇ ಇಲ್ಲ, ‘ಠೇಂಕಾರ’ ಇದೆ. ಬಿಲ್ಲಿನ ಹೆದೆ ಎಳೆದು ಬಿಟ್ಟಾಗಿನ ಸದ್ದು: ಮೊದಲ ಪೆಟ್ಟು ಗಟ್ಟಿ, ಹಿಂದೆಯೇ ಲೋಹದ ಮೊಳಗು. ಟೆಲಿಕ್ಯಾಸ್ಟರ್‌ನಲ್ಲಿ ಪಿಕಪ್ ಉಕ್ಕಿನ ಬ್ರಿಜ್ ತಗಡಿನೊಳಗೇ ಕೂತಿರುತ್ತದೆ. ಅದರ ಅಡಿಯಲ್ಲಿ ತಾಮ್ರ ಲೇಪಿಸಿದ ಇನ್ನೊಂದು ಉಕ್ಕಿನ ತಗಡು. ಇವೆರಡೂ ಸೇರಿ ಆ ಪೆಟ್ಟಿಗೆ ಬಲ ಕೊಡುತ್ತವೆ. ಅಡಿಯ ತಗಡು ಸಡಿಲವಾದರೆ ಜೋರು ವಾಲ್ಯೂಮ್‌ನಲ್ಲಿ ಪಿಕಪ್ ಕೀ ಎಂದು ಕೂಗುತ್ತದೆ. ಮೇಣ ಹಾಕಿ ಕೂರಿಸಬೇಕು.

ಸ್ಟ್ರಾಟೊಕ್ಯಾಸ್ಟರ್‌ನ ಬ್ರಿಜ್ ಪಿಕಪ್‌ಗೆ ಈ ತಗಡುಗಳ ಬೆಂಬಲವಿಲ್ಲ. ಮೂಲ ವೈರಿಂಗ್‌ನಲ್ಲಿ ಅದಕ್ಕೆ ಟೋನ್ ಕಂಟ್ರೋಲ್ (ದನಿಯ ಚೂಪು ತಗ್ಗಿಸುವ ಗುಬ್ಬಿ) ಕೂಡ ಇಲ್ಲ, ಎರಡು ಟೋನ್ ಗುಬ್ಬಿಗಳೂ ಉಳಿದೆರಡು ಪಿಕಪ್‌ಗಳಿಗೆ ಹೋಗಿವೆ. ಅದಕ್ಕೇ ಶ್ರಿಲ್ ಎಂಬ ದೂರು. ಇಲ್ಲಿ ‘ಕೀರಲು’ ಬಳಸಿ. ಚುರುಕು ಹೊಗಳಿಕೆ, ಕೀರಲು ತೆಗಳಿಕೆ ಎಂಬುದು ಯಾರಿಗೂ ಹೇಳಿಕೊಡಬೇಕಿಲ್ಲ. ಸ್ವಿಚ್‌ನ ಟೋನ್ ಬದಿಯಲ್ಲಿ ನಡುವಿನ ಪಿಕಪ್‌ನ ಲಗ್‌ನಿಂದ (ವೈರ್ ಬೆಸೆಯುವ ಲೋಹದ ಕಿವಿ) ಬ್ರಿಜ್‌ನ ಲಗ್‌ಗೆ ಒಂದು ತುಂಡು ವೈರ್ ಬೆಸುಗೆ ಹಾಕಿದರೆ ಎರಡನೆಯ ಟೋನ್ ಗುಬ್ಬಿ ಬ್ರಿಜ್‌ಗೂ ಸಿಗುತ್ತದೆ. ಒಂದೇ ಕಾಯಿಲ್‌ನ ಇಂಥ ಪಿಕಪ್‌ಗೆ, ಅಂದರೆ ಸಿಂಗಲ್ ಕಾಯಿಲ್‌ಗೆ, 250 ಕಿಲೋ ಓಮ್ ಪಾಟ್ (ಗುಬ್ಬಿಯ ಅಡಿಯ, ತಿರುಗಿಸಿ ಬದಲಿಸುವ ರೆಸಿಸ್ಟರ್) ಇರಬೇಕಾದಲ್ಲಿ 500 ಹಾಕಿದರೆ ಚುರುಕು ಇದ್ದದ್ದೂ ಕೀರಲಾಗುತ್ತದೆ.

ಹಂಬಕರ್‌ಗೆ ‘ತುಂಬು ದನಿ’. ಸೆತ್ ಲವರ್ ರೂಪಿಸಿ ಗಿಬ್ಸನ್ 1957ರಲ್ಲಿ ಬಳಕೆಗೆ ತಂದದ್ದು ಎರಡು ಕಾಯಿಲ್‌ಗಳ ಜೋಡಿ. ಕರೆಂಟಿನ ಗುಂಯ್‌ಗುಡುವ ಸದ್ದು (ಹಮ್) ಒಂದರಲ್ಲಿ ಬಂದದ್ದನ್ನು ಇನ್ನೊಂದು ಕಳೆಯುತ್ತದೆ. ತಂತಿಯ ಅಗಲವಾದ ಭಾಗವನ್ನು ಒಟ್ಟಿಗೆ ಕೇಳುವುದರಿಂದಲೂ ಇಂಡಕ್ಟೆನ್ಸ್ (ವಿದ್ಯುತ್ತಿನ ಏರಿಳಿತಕ್ಕೆ ಅಡ್ಡಿ ಮಾಡುವ ಕಾಯಿಲ್‌ನ ಗುಣ) ಹೆಚ್ಚಿರುವುದರಿಂದಲೂ ತುದಿಯ ಚೂಪು ಹೋಗುತ್ತದೆ.

ಹಾಟ್ ಅಂದರೆ ‘ಜೋರು’ ಅಷ್ಟೇ. ‘ಬಿಸಿ ಪಿಕಪ್’ ಎಂದು ಬರೆದರೆ ಕೈ ಸುಡುತ್ತದೆಯೇನೋ ಅಂದುಕೊಂಡಾರು. ಮಡಿ ಅಂತೂ ಕನ್ನಡ ಲಿಪಿಗೆ ಬಂದ ಕೂಡಲೇ ಅರ್ಥ ತಲೆಕೆಳಗು! ‘ಕಲಸಿದ ದನಿ’ ಎನ್ನಿ: ಕಾರ್ಡ್ ನುಡಿಸಿದಾಗ ಸ್ವರಗಳು ಬಿಡಿಬಿಡಿಯಾಗಿ ಕೇಳದೆ ಮುದ್ದೆಯಾಗುವುದು.

ಉತ್ತರ 2:

ಪದಗಳೇನೋ ಸರಿ. ಆದರೆ ‘ಜೋರು’ ಎಂಬುದನ್ನು ಕಾಯಿಲ್‌ನ ರೆಸಿಸ್ಟೆನ್ಸ್, ಅಂದರೆ ಕಿಲೋ ಓಮ್ ಅಂಕಿ, ನೋಡಿ ಬರೆಯುವ ಚಾಳಿ ಬೇಡ. ವೈರ್ ತೆಳ್ಳಗಾದಷ್ಟೂ ಅಷ್ಟೇ ಸುತ್ತಿಗೆ ರೆಸಿಸ್ಟೆನ್ಸ್ ಏರುತ್ತದೆ. ಹಾಗಾಗಿ ಒಂದೇ ದಪ್ಪದ ವೈರ್ ಸುತ್ತಿದ, ಒಂದೇ ಬಗೆಯ ಪಿಕಪ್‌ಗಳ ನಡುವೆ ಮಾತ್ರ ಆ ಅಂಕಿಗೆ ಬೆಲೆ. ತಾಮ್ರ 10 ಡಿಗ್ರಿ ಬಿಸಿಯಾದರೆ ಅಂಕಿ ಸುಮಾರು ಶೇ. 4ರಷ್ಟು ಏರುತ್ತದೆ. ಬೆಸುಗೆ ಹಾಕಿದ ಕೂಡಲೇ ಅಳೆದರೆ ಏನೂ ಪ್ರಯೋಜನವಿಲ್ಲ.

ದನಿಯ ಬಣ್ಣ ಹೇಳುವುದು ಇಂಡಕ್ಟೆನ್ಸ್. 5 ಮೀಟರ್ ಕೇಬಲ್‌ಗೆ ಸುಮಾರು 500 ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಗುಣ), ಪಿಕಪ್‌ನದೇ 100 ಎಂದು ಹಿಡಿದು ಲೆಕ್ಕ ಹಾಕಿ. 2.3 ಹೆನ್ರಿಯ ಸಿಂಗಲ್ ಕಾಯಿಲ್‌ನಲ್ಲಿ ದನಿ ಎದ್ದು ನಿಲ್ಲುವುದು 4.3 ಕಿಲೋಹರ್ಟ್ಸ್ ಹತ್ತಿರ: ಚುರುಕು. 4.4 ಹೆನ್ರಿಯ ಹಳೆ ಮಾದರಿ ಹಂಬಕರ್‌ನಲ್ಲಿ 3.1: ತುಂಬು ದನಿ. 8 ಹೆನ್ರಿಯ ಜೋರು ಹಂಬಕರ್‌ನಲ್ಲಿ 2.3: ಇದಕ್ಕೆ ‘ಗಡಸು’ ಎನ್ನುತ್ತೇನೆ. ಡಿಸ್ಟಾರ್ಷನ್ ಹಾಕಿದಾಗ ಅದು ಮುನ್ನುಗ್ಗುತ್ತದೆ, ಕ್ಲೀನ್ ದನಿಯಲ್ಲಿ ಮಂಕು. ಕೇಬಲ್ ಉದ್ದ ಮಾಡಿದರೆ ಮೂರೂ ಕೆಳಗಿಳಿಯುತ್ತವೆ. ಒಬ್ಬರು ಚುರುಕು ಅಂದದ್ದನ್ನು ಇನ್ನೊಬ್ಬರು ಮಂಕು ಅನ್ನುವ ಜಗಳ ಎಷ್ಟೋ ಸಲ ಕೇಬಲ್‌ನದ್ದೇ.

ಎತ್ತರವನ್ನೂ ಬರೆಯಿರಿ. ಕೊನೆಯ ಮೆಟ್ಟಿಲಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ಅಡಿಗೂ ಪಿಕಪ್‌ನ ಪುಟ್ಟ ಲೋಹದ ಕಂಬಕ್ಕೂ ನಡುವೆ ದಪ್ಪ ತಂತಿಯ ಕಡೆ 2, ಸಣ್ಣ ತಂತಿಯ ಕಡೆ 1.6 ಮಿಲಿಮೀಟರ್ ಇಟ್ಟು ಶುರುಮಾಡಿ. ಜೋರಾದದ್ದೇ ಕಿವಿಗೆ ಚೆನ್ನಾಗಿ ಕೇಳುವುದರಿಂದ, ಆಂಪ್‌ನಲ್ಲಿ ಎರಡರ ಮಟ್ಟವನ್ನೂ ಸಮ ಮಾಡಿದ ಮೇಲೆಯೇ ವಿಶೇಷಣ ಹುಡುಕಬೇಕು.

ಉತ್ತರ 3:

‘ತಂತಿ’ ನುಡಿಸುವುದಕ್ಕೆ ಮೀಸಲಿರಲಿ, ಕಾಯಿಲ್‌ನೊಳಗಿನದು ‘ವೈರ್’ ಆಗಲಿ. ಎರಡಕ್ಕೂ ತಂತಿ ಎಂದರೆ ‘ತೆಳು ತಂತಿ ಹಾಕಿ’ ಎಂಬ ವಾಕ್ಯಕ್ಕೆ ಎರಡು ಅರ್ಥ ಬರುತ್ತದೆ. ಗೇಜ್ ಬರೆಯುವಾಗಲೂ ಜೋಕೆ. ಪಿಕಪ್‌ನ 42 ಗೇಜ್ ಅಮೆರಿಕದ ಅಳತೆ, 0.063 ಮಿಲಿಮೀಟರ್. ನಮ್ಮ ಮೋಟಾರ್ ವೈಂಡಿಂಗ್ ಅಂಗಡಿಗಳ ಗೇಜ್ ಬ್ರಿಟಿಷ್ ಅಳತೆಯಾದ ಎಸ್‌ಡಬ್ಲ್ಯುಜಿ; ಅಲ್ಲಿ 42 ಎಂದು ಕೇಳಿದರೆ 0.10 ಮಿಲಿಮೀಟರ್‌ನದು ಕೊಡುತ್ತಾರೆ, ಅದನ್ನು ಸುತ್ತಿದರೆ ಬಾಬಿನ್ (ಕಾಯಿಲ್ ಸುತ್ತುವ ಚೌಕಟ್ಟು) ಬೇಕಾದ ಸುತ್ತುಗಳಲ್ಲಿ ಅರ್ಧದಷ್ಟನ್ನೂ ಹಿಡಿಯುವುದಿಲ್ಲ. ಹತ್ತಿರದ್ದು 46 ಎಸ್‌ಡಬ್ಲ್ಯುಜಿ, 0.061. ಬರಹದಲ್ಲಿ ಗೇಜ್ ಬಿಟ್ಟು ಮಿಲಿಮೀಟರ್ ಕೊಟ್ಟುಬಿಡಿ.