ಸಿಗ್ನಲ್ಲೇ ಇಲ್ಲದ ತೋಟದಲ್ಲಿ ಫೋನಿಗೆ ದಾರಿ ಹೇಗೆ ಗೊತ್ತಾಯಿತು?

ತೋಟದಮನೆ, ಶಿರಸಿ:
ಮೊನ್ನೆ ಮ್ಯಾಪಿನಲ್ಲಿ ಟೈಮ್‌ಲೈನ್ ಅಂತ ಇರುವುದನ್ನು ಸುಮ್ನೆ ಒತ್ತಿದೆ. ಮಂಗಳವಾರ ಅಡಿಕೆ ಮಂಡಿಯಲ್ಲಿ 40 ನಿಮಿಷ, ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ 1 ಗಂಟೆ 10 ನಿಮಿಷ. ಮನೆಯಲ್ಲಿ ನಾನು ಹೇಳಿದ್ದು ಇದರ ಉಲ್ಟಾ! ನಮ್ಮಲ್ಲಿ ಸಿಗ್ನಲ್ ಸಿಗುವುದು ದಣಪೆ (ಬೇಲಿಯ ಗೇಟು) ಹತ್ತಿರ ಮಾತ್ರ. ಆದರೂ ತೋಟದ ಕೆಳತುದಿಯ ತನಕ ಗೆರೆ ಎಳೆದಿದೆ.

ಬೆಂಗಳೂರಿನ ಅಳಿಯ "ಹಳೇ ಪಿಕ್ಸೆಲ್ ತಗೊಂಡು ಗ್ರಾಫೀನ್ ಓಎಸ್ ಹಾಕಿ ಮಾವ" ಎನ್ನುತ್ತಾನೆ. ಅದು ಗೂಗಲಿನ ಪಿಕ್ಸೆಲ್ ಫೋನಿಗೆ ಹಾಕುವ, ಗೂಗಲ್ ಆ್ಯಪ್‌ಗಳಿಲ್ಲದೆ ಬರುವ ಆಂಡ್ರಾಯ್ಡ್ ಅಂತೆ. ಆದರೆ ಅದರಲ್ಲಿ ಕೆಲವು ಬ್ಯಾಂಕಿನ ಆ್ಯಪ್ ಓಡುವುದಿಲ್ಲವಂತೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ದುಡ್ಡು ಕೊಡುವುದೇ ಫೋನ್‌ಪೇನಲ್ಲಿ. ನೋಟು ಕೊಟ್ಟರೆ "ಚಿಲ್ಲರೆ ಇಲ್ಲ ಹೆಗಡೇರೇ" ಎನ್ನುತ್ತಾನೆ. ಅಡಿಕೆ ದರ ಬರುವುದು ವಾಟ್ಸಾಪಿಗೆ. ಏನು ಮಾಡಲಿ?

ಕೋಡಿಬಾಗ, ಕಾರವಾರ:
ಜಿಪಿಎಸ್‌ಗೆ ಟವರ್ ಬೇಡ. ಮೇಲಿನ ಉಪಗ್ರಹಗಳ ಸಂಕೇತ ಹಿಡಿದು ಫೋನ್ ತಾನೇ ಜಾಗ ಲೆಕ್ಕ ಹಾಕಿಕೊಳ್ಳುತ್ತದೆ. ನೀವು ದಣಪೆಗೆ ಬಂದಾಗ ಆ್ಯಪ್‌ಗಳು ಬೇಕಾದರೆ ಅದನ್ನು ಕಳಿಸುತ್ತವೆ.

ಹೊಸ ಫೋನ್ ಬೇಡ. ಟೈಮ್‌ಲೈನ್ ಆಫ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಯಾವ ಯಾವ ಆ್ಯಪ್‌ಗೆ ಕೊಟ್ಟಿದ್ದೀರಿ ನೋಡಿ. ಆಂಡ್ರಾಯ್ಡ್ 12ರಿಂದ ನಿಖರ ಜಾಗ ಕೊಡದೆ ಅಂದಾಜು ಜಾಗ ಮಾತ್ರ ಕೊಡಬಹುದು. ಮಳೆ ಹೇಳುವ ಆ್ಯಪ್‌ಗೆ ಶಿರಸಿ ಅಂತ ಗೊತ್ತಾದರೆ ಸಾಕು, ನಿಮ್ಮ ಬಚ್ಚಲುಮನೆ ತನಕ ಯಾಕೆ? ಇನ್ನು ಸಿಮ್ ಇರುವ ತನಕ ಯಾವ ಟವರಿನಲ್ಲಿದ್ದೀರಿ ಅಂತ ಕಂಪನಿಗೆ ಗೊತ್ತೇ ಇರುತ್ತದೆ. ಗ್ರಾಫೀನ್ ಹಾಕಿದರೂ ಅದು ತಪ್ಪುವುದಿಲ್ಲ.

ಅಂಕೋಲೆಯವಳು:
ನೀವಿಬ್ಬರೂ ಲೊಕೇಶನ್ ಹಿಡಿದುಕೊಂಡು ಕೂತಿದ್ದೀರಿ. ನಮ್ಮ ಮನೆಗೆ ಪೆಟ್ಟು ಬಿದ್ದದ್ದು ಕಾಂಟ್ಯಾಕ್ಟ್ಸ್‌ನಿಂದ. 2022ರಲ್ಲಿ ತಮ್ಮ ಒಂದು ಸಾಲದ ಆ್ಯಪ್ ಹಾಕಿ 8,000 ತೆಗೆದುಕೊಂಡ. ಕಂತು ನಾಲ್ಕು ದಿನ ತಡವಾಯಿತು. ಅವನ ಫೋನಿನಲ್ಲಿ ನಂಬರ್ ಇದ್ದವರಿಗೆಲ್ಲ ಕರೆ, ಬೈಗುಳ. ಬಾಗಿಲಿಗೆ ಮೀನು ತರುವ ಅಕ್ಕನಿಗೂ! ಆಕೆ ಬಂಗಡೆ ಬುಟ್ಟಿ ಇಳಿಸಿ ಮೆಲ್ಲಗೆ "ತಮ್ಮಂಗೆ ಏನಾಯ್ತು?" ಅಂದಳು. ಅಮ್ಮ ಆ ದಿನ ಒಲೆ ಹಚ್ಚಲಿಲ್ಲ.

2023ರ ಮೇ 31ರಿಂದ ಪ್ಲೇ ಸ್ಟೋರಿನಲ್ಲಿರುವ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಫೋಟೊ ಮುಟ್ಟುವಂತಿಲ್ಲ. ಆದರೆ ವಾಟ್ಸಾಪಿನಲ್ಲಿ ಬರುವ ಎಪಿಕೆ, ಅಂದರೆ ಸ್ಟೋರ್ ಇಲ್ಲದೆ ನೇರ ಆ್ಯಪ್ ಹಾಕುವ ಫೈಲಿಗೆ ಯಾವ ಸ್ಟೋರಿನ ನಿಯಮ? ಅದನ್ನು ಮಾತ್ರ ಒತ್ತಬೇಡಿ, ಮದುವೆ ಕರೆಯೋಲೆ ಅಂದರೂ.

ತೋಟದಮನೆ, ಶಿರಸಿ:
ತಂಗೀ, ನಿನ್ನದು ಓದಿ ಎದ್ದುಹೋಗಿ ಫೋನ್ ನೋಡಿದೆ. ರಾತ್ರಿ ತೋಟಕ್ಕೆ ಹೋಗಲು ಅಂತ ಹಾಕಿಕೊಂಡ ಟಾರ್ಚ್ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಕೊಟ್ಟಿದ್ದೆ! ತೆಗೆದುಹಾಕಿದೆ. ಫೋನಿನಲ್ಲೇ ಟಾರ್ಚ್ ಇದೆ ಅಂತ ಮೊಮ್ಮಗಳು ತೋರಿಸಿದಳು. ಟೈಮ್‌ಲೈನೂ ಆಫ್. ಪಿಕ್ಸೆಲ್ ಬೇಡ ಅಂತ ಅಳಿಯನಿಗೆ ಹೇಳಿಯಾಯಿತು. ಹೋಟೆಲಿನ ಆ ಮಂಗಳವಾರ ಅಳಿಸುವುದು ಹೇಗೆ?

ಕೋಡಿಬಾಗ, ಕಾರವಾರ:
ಟೈಮ್‌ಲೈನಿನಲ್ಲಿ ಆ ದಿನ ತೆರೆದು ಡಿಲೀಟ್ ಕೊಡಿ. ಬಿಲ್ಲನ್ನು ಫೋನ್‌ಪೇನಲ್ಲಿ ಕೊಟ್ಟಿದ್ದರೆ ಮಾತ್ರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರುತ್ತದೆ. ಪಾಸ್‌ಬುಕ್ ಮನೆಯಲ್ಲಿ ಯಾರು ನೋಡುತ್ತಾರೆ?