ಸೀರಿಯಲ್ ಡಬ್ಬಿಯ ಹಳೇ ಬೇಸ್‌ಬಾಲ್ ಕಾರ್ಡಿನ ಮಾದರಿ: ಯಾವ ರಟ್ಟು, ಯಾವ ಪ್ರಿಂಟು?

ಹೇಮಾವತಿ_ದಂಡೆ (ಹಾಸನ)

ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಕಾರ್ಡ್ ಮಾಡಬೇಕು. ಆಟಗಾರರು 16, ಕೋಚ್, ಗುಂಪಿನ ಫೋಟೊ ಸೇರಿ ಸೆಟ್ಟಿಗೆ 18, ಒಟ್ಟು 30 ಸೆಟ್. ಮಾದರಿ ಅಮೆರಿಕದ ಪೋಸ್ಟ್ ಸೀರಿಯಲ್ ಕಂಪನಿಯವರದು (ಕಾರ್ನ್‌ಫ್ಲೇಕ್ಸ್ ಥರದ ಬೆಳಗಿನ ತಿಂಡಿ ಮಾಡೋರು). 1961, 62, 63ರಲ್ಲಿ ವರ್ಷಕ್ಕೆ 200ರಂತೆ ಡಬ್ಬಿಯ ರಟ್ಟಿನ ಮೇಲೇ ಅಚ್ಚಾಗಿ ಬರುತ್ತಿದ್ದವಲ್ಲ, ಮಕ್ಕಳು ಕತ್ತರಿಯಲ್ಲಿ ಬಿಡಿಸಿಕೊಳ್ಳುತ್ತಿದ್ದರಲ್ಲ, ಅವೇ. ಅಡ್ಡ ಕಾರ್ಡು, ಒಂದು ಬದಿ ಫೋಟೊ, ಪಕ್ಕದಲ್ಲಿ ಪರಿಚಯ, ಕೆಳಗೆ ಅಂಕಿಅಂಶ, ಹಿಂಬದಿ ಖಾಲಿ.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡಿನಲ್ಲಿ ತೆಗೆಸಿದ ಮಾದರಿ ಥೇಟ್ ವಿಸಿಟಿಂಗ್ ಕಾರ್ಡ್. ಫೋಟೊಗೆ ಮೊಬೈಲಿನ ವಿಂಟೇಜ್ ಫಿಲ್ಟರ್ ಹಾಕಿದರೂ ಹೊಸದಾಗಿಯೇ ಕಾಣುತ್ತೆ. ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾದವು. ಕಾಫಿ ಡಿಕಾಕ್ಷನ್ ಸವರಿದರೆ ಹಳೇ ಕಳೆ ಬರುತ್ತಾ? ಕೆಲ್ಲಾಗ್ಸ್‌ನವರ ಮೂರು ಆಯಾಮದ ಕಾರ್ಡು ಮನೆಯಲ್ಲಿ ಮಾಡೋಕಾಗುತ್ತಾ?

ರಟ್ಟು_ಕತ್ತರಿ

ಮೊದಲು ಆರ್ಟ್ ಕಾರ್ಡ್ ಬಿಡಿ. ಸೀರಿಯಲ್ ಡಬ್ಬಿ ಅಂದರೆ ಒಂದು ಕಡೆ ಬಿಳಿ ಲೇಪ, ಇನ್ನೊಂದು ಕಡೆ ಬೂದು ಬಣ್ಣದ ರಟ್ಟು. ನಮ್ಮಲ್ಲಿ ಇದಕ್ಕೆ ಗ್ರೇ ಬ್ಯಾಕ್ ಡುಪ್ಲೆಕ್ಸ್ ಬೋರ್ಡ್ ಅಂತಾರೆ, ಸ್ವೀಟ್ ಬಾಕ್ಸ್ ಮಾಡೋದೂ ಇದರಲ್ಲೇ. 300 ಜಿಎಸ್‌ಎಂ ಕೇಳಿ. ಕಾರ್ಡನ್ನು ತಿರುಗಿಸಿದಾಗ ಆ ಬೂದು ಬೆನ್ನು ಕಂಡರೆ ಅರ್ಧ ಕೆಲಸ ಮುಗಿದ ಹಾಗೆ, ಫಿಲ್ಟರಿನಿಂದ ಅದು ಬರಲ್ಲ.

ಅಳತೆ 88.9 × 63.5 ಮಿ.ಮೀ., ಅಂದರೆ ಮೂರೂವರೆ ಇಂಚು ಅಗಲ, ಎರಡೂವರೆ ಇಂಚು ಎತ್ತರ. ಡಿಜಿಟಲ್ ಪ್ರೆಸ್ಸಿನ 12 × 18 ಇಂಚಿನ ಹಾಳೆಯಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 6 ಕೂರುತ್ತವೆ. ನಿಮ್ಮ 18 ಒಂದೇ ಹಾಳೆಗೆ ಸರಿಹೋಯ್ತು. 30 ಹಾಳೆ, ಕೆಡೋದಕ್ಕೆ ಇನ್ನೊಂದು 4. ಕಾರ್ಡುಗಳ ನಡುವೆ ಜಾಗ ಬಿಡಬೇಡಿ, ಡಬ್ಬಿಯ ಮೇಲಿದ್ದ ಹಾಗೆ ಎರಡಕ್ಕೂ ಸೇರಿ ಒಂದೇ ತೆಳು ಕಪ್ಪು ಗೆರೆ ಇರಲಿ.

ಲೇಸರಿನಲ್ಲೇ ತೆಗೆಸಿ. ಡೈ ಇಂಕಿನ ಇಂಕ್‌ಜೆಟ್ ಈ ಲೇಪದ ಮೇಲೆ ಒಣಗದೆ ಹರಡುತ್ತೆ. ಬೈಪಾಸ್ ಟ್ರೇಯಿಂದ ಹಾಳೆ ಕೊಟ್ಟು, ಪೇಪರ್ ಸೆಟ್ಟಿಂಗಿನಲ್ಲಿ ದಪ್ಪ ಹಾಳೆ ಅಂತ ಆರಿಸಲು ಹೇಳಿ. ಸಾಮಾನ್ಯ ಹಾಳೆ ಅಂತಲೇ ಬಿಟ್ಟರೆ ರಟ್ಟಿಗೆ ಶಾಖ ಸಾಲದೆ ಟೋನರ್ ಹಿಡಿಯಲ್ಲ, ಉಗುರಿನಲ್ಲಿ ಕೆರೆದರೆ ಉದುರುತ್ತೆ. ಮೊದಲ ಹಾಳೆ ಬಂದ ಕೂಡಲೇ ಕೆರೆದು ನೋಡಿ, ಆಮೇಲೆ ಉಳಿದದ್ದು.

ಕಾಫಿ ಬೇಡವೇ ಬೇಡ. ಲೇಪದ ಕಡೆ ಅದು ಹಿಡಿಯದೆ ಕಲೆಕಲೆಯಾಗುತ್ತೆ, ಬೂದು ಕಡೆ ನೀರು ಕುಡಿದು ಉಬ್ಬಿ ಕಾರ್ಡು ದೋಣಿಯಾಗುತ್ತೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಸುಮ್ಮನೆ ಇಟ್ಟರೂ ಹೀಗೇ: ಬೆನ್ನು ತೇವ ಎಳೆದುಕೊಂಡು ಹಿಗ್ಗುತ್ತೆ, ಲೇಪ ಹಿಗ್ಗಲ್ಲ, ಚಿತ್ರದ ಕಡೆಗೆ ಬಾಗುತ್ತೆ. ರಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ, ಪ್ರಿಂಟ್ ಮಾಡೋ ಹೊತ್ತಿಗೆ ಬಿಚ್ಚಿ, ಕತ್ತರಿಸಿದ ಮೇಲೆ ಎರಡು ದಿನ ಭಾರದ ಕೆಳಗಿಡಿ. ಲ್ಯಾಮಿನೇಷನ್ ಮಾಡಿಸಿದರೆ ಡಬ್ಬಿಯ ಕಳೆಯೇ ಹೋಗುತ್ತೆ.

ಚುಕ್ಕಿಮಸಿ (ಚಿಕ್ಕಮಗಳೂರು)

ಫೋಟೊ ಹೊಸದಾಗಿ ಕಾಣೋದು ಬಣ್ಣದಿಂದಲ್ಲ, ಚುಕ್ಕಿ ಇಲ್ಲದ್ದರಿಂದ. ಆಗಿನ ಆಫ್‌ಸೆಟ್ ಅಚ್ಚಿನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಚುಕ್ಕಿಗಳು ಸೇರಿಯೇ ಮುಖದ ಬಣ್ಣ. ಅದನ್ನೇ ಮಾಡಿ.

ಚಿತ್ರ ತಿದ್ದುವ ಗಿಂಪ್ ಸಾಫ್ಟ್‌ವೇರಿನಲ್ಲಿ 600 ಡಿಪಿಐ (ಇಂಚಿಗೆ 600 ಪಿಕ್ಸೆಲ್) ಕಡತ ತೆಗೆಯಿರಿ, ಕಾರ್ಡಿಗೆ 2100 × 1500 ಪಿಕ್ಸೆಲ್. ಮೊದಲು ಕರ್ವ್ಸ್‌ನಲ್ಲಿ ಕಡುಗಪ್ಪನ್ನು ಸೊನ್ನೆಯಿಂದ 20-25ರ ಮಟ್ಟಕ್ಕೆ ಎತ್ತಿ, ಶಾರ್ಪ್‌ನೆಸ್ ಸ್ವಲ್ಪ ತಗ್ಗಿಸಿ. ಆಮೇಲೆ ಫಿಲ್ಟರ್ಸ್, ಡಿಸ್ಟಾರ್ಟ್ಸ್, ನ್ಯೂಸ್‌ಪ್ರಿಂಟ್. ಕಲರ್ ಮಾಡೆಲ್ ನಾಲ್ಕು ಬಣ್ಣದ್ದು, ಪೀರಿಯಡ್ (ಚುಕ್ಕಿಗಳ ಅಂತರ) 8 ಪಿಕ್ಸೆಲ್, ಅಂದರೆ ಇಂಚಿಗೆ 75 ಸಾಲು. ಚುಕ್ಕಿಸಾಲುಗಳ ಕೋನ ಡಿಗ್ರಿಯಲ್ಲಿ ಸಯಾನ್ 15, ಮಜೆಂಟಾ 75, ಹಳದಿ 0, ಕಪ್ಪು 45. ಎಲ್ಲಕ್ಕೂ ಒಂದೇ ಕೋನ ಕೊಟ್ಟರೆ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಬಣ್ಣ ಕೊಳೆಯಾಗುತ್ತೆ. ನಿಜವಾದ ಡಬ್ಬಿಗಳಲ್ಲಿ ಚುಕ್ಕಿ ಇದಕ್ಕಿಂತ ಸಣ್ಣದು, ಆದರೆ ಲೇಸರ್ ಯಂತ್ರ ತನ್ನದೇ ಚುಕ್ಕಿ ಬೇರೆ ಹಾಕುತ್ತೆ. ನಮ್ಮದು ಸಣ್ಣದಾದಷ್ಟೂ ಎರಡೂ ಡಿಕ್ಕಿಯಾಗಿ ಮುಖದ ಮೇಲೆ ಅಲೆಅಲೆ ಪಟ್ಟೆ ಏಳುತ್ತೆ.

ಇನ್ನೊಂದು ಸಣ್ಣ ಕೆಲಸ, ನನಗೆ ಬಹಳ ಮುಖ್ಯ ಅನ್ನಿಸೋದು: ಡಿಕಂಪೋಸ್ ಮಾಡಿ, ಅಂದರೆ ಚಿತ್ರವನ್ನು ನಾಲ್ಕು ಬಣ್ಣದ ಪದರಗಳಾಗಿ ಬಿಡಿಸಿ, ಮಜೆಂಟಾ ಪದರವೊಂದನ್ನೇ 2 ಪಿಕ್ಸೆಲ್ ಪಕ್ಕಕ್ಕೆ ಸರಿಸಿ ಮತ್ತೆ ಕೂಡಿಸಿ. ಕ್ಯಾಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಇಣುಕುತ್ತೆ. 5 ಪಿಕ್ಸೆಲ್ ಸರಿಸಿದರೆ ಕೆಟ್ಟ ಪ್ರಿಂಟ್ ಅಂತಲೇ ಅಂದುಕೊಳ್ಳುತ್ತಾರೆ.

ಚುಕ್ಕಿ ಹಾಕಿದ ಮೇಲೆ ಚಿತ್ರದ ಗಾತ್ರ ಬದಲಿಸಬೇಡಿ. ಅಂಗಡಿಯಲ್ಲಿ ಫಿಟ್ ಟು ಪೇಜ್ ಬೇಡ, 100 ಶೇಕಡಾ ಅಂತ ಹೇಳಿ. ಜೆಪೆಗ್ ಬೇಡ, ಪಿಎನ್‌ಜಿ ಇರಲಿ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಚುಕ್ಕಿಗಳೆಲ್ಲ ಕದಡುತ್ತವೆ, ಪೆನ್‌ಡ್ರೈವಿನಲ್ಲೇ ಕೊಡಿ.

ಅಕ್ಷರಮೊಳೆ

ಒತ್ತಕ್ಷರದ ವಿಷಯ. ಅಂಗಡಿಯ ಹಳೇ ಸಾಫ್ಟ್‌ವೇರಿಗೆ ಯೂನಿಕೋಡ್ ಕನ್ನಡ ಜೋಡಿಸಲು ಬರದಿದ್ದರೆ ನೀವು ಯಾವ ಫಾಂಟ್ ಕೊಟ್ಟರೂ ಅಷ್ಟೇ. ರೇಖಾಚಿತ್ರದ ಸಾಫ್ಟ್‌ವೇರ್ ಇಂಕ್‌ಸ್ಕೇಪಿನಲ್ಲಿ ಆ ಪಿಎನ್‌ಜಿ ಚಿತ್ರದ ಜೊತೆ ಪಠ್ಯ ಹಾಕಿ, ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ ಒತ್ತಿ ಅಕ್ಷರಗಳನ್ನು ಆಕಾರಗಳಾಗಿಸಿ, ಪಿಡಿಎಫ್ ಮಾಡಿ ಒಯ್ಯಿರಿ. ತಿದ್ದಲು ಬೇಕಾದ ಮೂಲ ಕಡತ ಬೇರೆ ಇಟ್ಟುಕೊಳ್ಳಿ. ಅಕ್ಷರಕ್ಕೆ ಚುಕ್ಕಿ ಫಿಲ್ಟರ್ ಹಾಕಬೇಡಿ, ಬರೀ ಕಪ್ಪು ಟೋನರಿನಲ್ಲೇ ಬರಲಿ. ನಾಲ್ಕು ಬಣ್ಣದ ಕಪ್ಪಾದರೆ ಸಣ್ಣ ಅಕ್ಷರದ ಸುತ್ತ ನೆರಳು ಬರುತ್ತೆ.

ಪೋಸ್ಟ್ ಕಂಪನಿಯ ಕಾರ್ಡಿನ ಇಂಗ್ಲಿಷ್ ಅಕ್ಷರ ಬಲು ಸಣ್ಣದು, ಅದೇ ಅಳತೆ ಕನ್ನಡಕ್ಕೆ ನಡೆಯಲ್ಲ. 7 ಪಾಯಿಂಟಿಗಿಂತ ಇಳಿದರೆ ಒತ್ತುಗಳ ಹೊಟ್ಟೆಯಲ್ಲಿ ಮಸಿ ತುಂಬುತ್ತೆ. ಸಾಲಿನ ಅಂತರ ಅಕ್ಷರದ 1.4 ಪಟ್ಟು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತೆ. ಹಾಗಾಗಿ ಪರಿಚಯ 25 ಪದಕ್ಕೆ ನಿಲ್ಲಿಸಿ. ಅಂಕಿಅಂಶಕ್ಕೆ ಎರಡೇ ಸಾಲು: ಹಿಂದಿನ ವರ್ಷದ್ದು ಒಂದು, ಇಲ್ಲಿಯವರೆಗಿನ ಒಟ್ಟು ಒಂದು, ಪೋಸ್ಟ್‌ನವರು ಕೊಟ್ಟಂತೆಯೇ. ದೊಡ್ಡ ಅಂಕಿ ಹಾಕಿ ಜಾಗ ಪರೀಕ್ಷಿಸಿ. ನಮ್ಮ ಜಾವಗಲ್ ಶ್ರೀನಾಥ್ ಅವರದನ್ನೇ ಹಾಕಿ ನೋಡಿ: ಟೆಸ್ಟ್ 67, ವಿಕೆಟ್ 236, ಏಕದಿನ 229, ವಿಕೆಟ್ 315. ಇದು ಕೂತರೆ ನಿಮ್ಮ ಹುಡುಗರದೂ ಕೂರುತ್ತೆ.

ಹೇಮಾವತಿ_ದಂಡೆ

ಎಲ್ಲರಿಗೂ ಧನ್ಯವಾದ. ಡುಪ್ಲೆಕ್ಸ್ ಸಿಕ್ತು, ಆದರೆ ಅದರ ಧೂಳು ಡ್ರಮ್ಮಿಗೆ ಹಿಡಿಯುತ್ತೆ ಅಂತ ಅಂಗಡಿಯವರು ಲೇಸರ್ ಯಂತ್ರಕ್ಕೆ ಹಾಕಲು ಒಪ್ಪುತ್ತಿಲ್ಲ. ಬೇರೆ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ರಟ್ಟಿಗೆ ಫೆವಿಕಾಲ್ ಹಾಕಿ ಅಂಟಿಸಲಾ?

ರಟ್ಟು_ಕತ್ತರಿ

ಅವರು ಹೇಳೋದು ಸರಿ, ಮರುಬಳಕೆಯ ರಟ್ಟಿನಲ್ಲಿ ಧೂಳಿರುತ್ತೆ. ಫೆವಿಕಾಲ್ ಬೇಡ, ಅದರ ನೀರಿಗೆ ರಟ್ಟು ಸೊಟ್ಟಗಾಗುತ್ತೆ. ಹೊಳಪಿಲ್ಲದ ಸ್ಟಿಕ್ಕರ್ ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಹಿಂದಿನ ಕಾಗದವನ್ನು ಎರಡು ಇಂಚು ಮಾತ್ರ ಸುಲಿದು ಒಂದು ಅಂಚು ಕೂರಿಸಿ, ಒಣ ಬಟ್ಟೆಯಲ್ಲಿ ಒತ್ತುತ್ತಾ ಉಳಿದದ್ದನ್ನು ಎಳೆಯುತ್ತಾ ಹೋಗಿ. ಒಂದೇ ಸಲ ಸುಲಿದರೆ ಗಾಳಿಗುಳ್ಳೆ ಖಂಡಿತ. ಅಂಟಿಸಿದ ಮೇಲೇ ಕತ್ತರಿಸಿ. ಸ್ಟೀಲ್ ಸ್ಕೇಲ್ ಇಟ್ಟು ಕಟ್ಟರಿನಲ್ಲಿ ಹಗುರಾಗಿ ಮೂರು ಸಲ ಎಳೆಯಿರಿ, ಒಂದೇ ಏಟಿಗೆ ಒತ್ತಿದರೆ ಬೂದು ಪದರ ಹರಿದು ನಾರು ಏಳುತ್ತೆ. ಬ್ಲೇಡು ಬೇಗ ಮೊಂಡಾಗುತ್ತೆ, ಹಾಳೆಗೊಂದು ತುದಿ ಮುರಿಯಿರಿ.

ಚುಕ್ಕಿಮಸಿ

ಕೆಲ್ಲಾಗ್ಸ್ ಪ್ರಶ್ನೆ ಉಳಿದಿತ್ತು. 1970ರ ಮೊದಲ ಸೆಟ್ 75 ಕಾರ್ಡಿನದು, ಮೇಲೆ ಗೀರುಗೀರಾದ ಪ್ಲಾಸ್ಟಿಕ್. ಪ್ಲಾಸ್ಟಿಕ್ಕೂ ಕಾಗದವೂ ಒಂದೇ ಸಮ ಕುಗ್ಗದ ಕಾರಣ ಹಳೇವು ಸುರುಳಿಯಾಗಿ ಬಿರುಕು ಬಿಟ್ಟಿವೆ. ಮಾಡೋದಾದರೆ ಇಂಚಿಗೆ 75 ಗೀರಿನ ಲೆಂಟಿಕ್ಯುಲರ್ ಹಾಳೆ (ನೋಡೋ ಕೋನಕ್ಕೆ ತಕ್ಕಂತೆ ಬೇರೆ ಬೇರೆ ಚಿತ್ರ ತೋರಿಸೋ ಪ್ಲಾಸ್ಟಿಕ್) ಬೇಕು. 600 ಡಿಪಿಐನಲ್ಲಿ ಪ್ರತಿ ಗೀರಿನಡಿ 8 ಪಟ್ಟಿ, ಅಂದರೆ ಹಿನ್ನೆಲೆ ಚೂರುಚೂರೇ ಸರಿದ 8 ಚಿತ್ರ. ಗೀರು ಲಂಬವಾಗಿಯೇ ಇರಬೇಕು. ಹಾಳೆಯ ಗೀರು ನಿಖರವಾಗಿ 75 ಇರಲ್ಲ, ಮೊದಲು 74.8ರಿಂದ 75.3ರವರೆಗೆ ಪರೀಕ್ಷೆಯ ಪಟ್ಟಿಗಳನ್ನು ಪ್ರಿಂಟ್ ಮಾಡಿ ಹೊಂದೋದನ್ನು ಆರಿಸಿ. 540 ಕಾರ್ಡಿಗೆ ಇದು ಆಗಲ್ಲ, ಕೋಚ್ ಕಾರ್ಡ್ ಒಂದಕ್ಕೆ ಮಾಡಿ ನೋಡಿ.

ಪೋಸ್ಟ್ ಲೋಗೊ ಹಾಕಬೇಡಿ, ಆ ಜಾಗದಲ್ಲಿ ತಂಡದ ಲಾಂಛನ ಇರಲಿ. ಬೂದು ಬೆನ್ನಿನ ಮೂಲೆಯಲ್ಲಿ ಮಾಡಿದ ವರ್ಷದ ರಬ್ಬರ್ ಸ್ಟಾಂಪ್ ಒತ್ತಿ. ಲೇಪದ ಕಡೆ ಆ ಮಸಿ ಒಣಗಲ್ಲ, ಬೆನ್ನಿಗಾದರೆ ತಕ್ಷಣ ಹೀರಿಕೊಳ್ಳುತ್ತೆ.