ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಕಾಣೆಯಾದ 1678 ಜಿಬಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಹಾಕಿರುವ ಕಟ್ಟಳೆ ಒಂದೇ: ಬರೆಯುವುದಾದರೆ ಕನ್ನಡ ಲಿಪಿಯಲ್ಲಿ, ಪೂರ್ತಿ ವಾಕ್ಯಗಳಲ್ಲಿ ಬರೆಯಬೇಕು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರ ಮಾತನ್ನು ಮೀರುವ ಧೈರ್ಯ ಯಾರಿಗೂ ಇಲ್ಲವಾದ್ದರಿಂದ ನಮ್ಮಲ್ಲಿ ಜಗಳವೂ ವ್ಯಾಕರಣಬದ್ಧವಾಗಿಯೇ ನಡೆಯುತ್ತದೆ. ಕಳೆದ ತಿಂಗಳಿನ ಚರ್ಚೆಯೊಂದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಹಾಕಿದ್ದೇನೆ. ಹೆಸರುಗಳಿಲ್ಲ, ನನ್ನ ಫೋನಿನಲ್ಲಿರುವಂತೆ ಊರು ಮತ್ತು ಸಂಬಂಧ ಮಾತ್ರ ಇವೆ.

ಸಾಗರ ದೊಡ್ಡಪ್ಪ, ಬೆಳಿಗ್ಗೆ 6:48
ನಾಲ್ಕು ಮನೆಯವರೂ ಹಣ ಹಾಕಿ ತರಿಸಿದ 4 ಟಿಬಿ ಹಾರ್ಡ್ ಡಿಸ್ಕಿನ ಸ್ಥಿತಿಯನ್ನು ನಾನು ಕಳಿಸಿದ ಚಿತ್ರದಲ್ಲಿ ಎಲ್ಲರೂ ನೋಡಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ನೀಲಿ ಪಟ್ಟಿಯ ಕೆಳಗೆ 2048.00 ಜಿಬಿ ಎಂದೂ, ಪಕ್ಕದ ಕಪ್ಪು ಪಟ್ಟಿಯ ಕೆಳಗೆ 1678.02 ಜಿಬಿ ಅನ್‌ಅಲೊಕೇಟೆಡ್ (ಯಾವ ವಿಭಾಗಕ್ಕೂ ಸೇರದ್ದು) ಎಂದೂ ಬರುತ್ತಿದೆ. ಕಪ್ಪು ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಹೊಸ ವಾಲ್ಯೂಮ್ ಮಾಡುವ ಸಾಲು ಮಸುಕಾಗಿಯೇ ಉಳಿಯುತ್ತದೆ. ಅಪ್ಪಯ್ಯನ ತಾಳಮದ್ದಳೆಯ ಕ್ಯಾಸೆಟ್ಟುಗಳು, ಮದುವೆ ಮುಂಜಿಯ ವಿಡಿಯೋ ಟೇಪುಗಳು ಸೇರಿ ಈಗಾಗಲೇ 600 ಜಿಬಿ ತುಂಬಿಸಿದ್ದೇನೆ. ಉಳಿದ ಜಾಗ ಎಲ್ಲಿಗೆ ಹೋಯಿತು?

ಹುಬ್ಬಳ್ಳಿ ಭಾವ, ಬೆಳಿಗ್ಗೆ 7:15
ದೊಡ್ಡಮಾವ, ಎಲ್ಲಿಗೂ ಹೋಗಿಲ್ಲ, ಅಂಗಡಿಯವನ ಜೇಬಿಗೆ ಹೋಗಿದೆ. 4 ಟಿಬಿಯ ಹಣ ತೆಗೆದುಕೊಂಡು 2 ಟಿಬಿಯ ಡಿಸ್ಕಿಗೆ ಬೇರೆ ಚೀಟಿ ಅಂಟಿಸಿ ಕೊಟ್ಟಿದ್ದಾನೆ. ಬಿಲ್ಲು ಹಿಡಿದುಕೊಂಡು ಹೋಗಿ ಕೇಳಿದರೆ ಅವನೇ ಬದಲಾಯಿಸಿ ಕೊಡುತ್ತಾನೆ.

ಮೈಸೂರು ಅತ್ತೆ, ಬೆಳಿಗ್ಗೆ 7:31
ಹಲವು ಬಾರಿ ಫಾರ್ವರ್ಡ್ ಆದ ಸಂದೇಶ: "ಎಚ್ಚರಿಕೆ! ಹಳೆಯ ಕಂಪ್ಯೂಟರಿಗೆ 2 ಟಿಬಿಗಿಂತ ದೊಡ್ಡ ಹಾರ್ಡ್ ಡಿಸ್ಕ್ ಹಾಕಬೇಡಿ! ಮದರ್‌ಬೋರ್ಡ್ ಸುಟ್ಟುಹೋಗುತ್ತದೆ! ನಿಮ್ಮವರಿಗೆಲ್ಲ ತಿಳಿಸಿ!"
ಅಣ್ಣಯ್ಯ, ದಯವಿಟ್ಟು ಅದನ್ನು ಈಗಲೇ ಆಫ್ ಮಾಡು. ಆಮೇಲೆ ಎಲ್ಲರೂ ಕೂತು ಮಾತಾಡೋಣ.

ನಾನು, ಬೆಳಿಗ್ಗೆ 8:05
ಅತ್ತೆ, ಏನೂ ಸುಡುವುದಿಲ್ಲ. ಟಿಬಿ ಹೆಚ್ಚಾಯಿತೆಂದು ಡಿಸ್ಕು ಎಳೆಯುವ ಕರೆಂಟು ಹೆಚ್ಚುವುದಿಲ್ಲ. ಆ ಪೆಟ್ಟಿಗೆಯಲ್ಲಿ ಮೊದಲಿನಿಂದ ತಿರುಗುತ್ತಿರುವ 160 ಜಿಬಿ ಡಿಸ್ಕಿಗೂ ಇದಕ್ಕೂ ಆ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಭಾವ, ಅಂಗಡಿಯವನನ್ನೂ ಬಿಟ್ಟುಬಿಡಿ. 2048ಕ್ಕೆ 1678 ಕೂಡಿಸಿದರೆ 3726 ಬರುತ್ತದೆ. ತಯಾರಕರು ಹೇಳುವ 4 ಟಿಬಿ ಎಂದರೆ ಸುಮಾರು ನಾಲ್ಕು ಲಕ್ಷ ಕೋಟಿ ಬೈಟು, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಅದೇ 3726 ಜಿಬಿ ಎಂದು ಕಾಣುತ್ತದೆ. ಅಂದರೆ ಡಿಸ್ಕು ಪೂರ್ತಿ ಇದೆ, ಕಂಪ್ಯೂಟರಿಗೆ ಅದು ಪೂರ್ತಿ ಕಾಣುತ್ತಲೂ ಇದೆ.

ತೊಡಕು ಇರುವುದು ವಿಭಾಗಗಳ ಪಟ್ಟಿ ಬರೆಯುವ ಕ್ರಮದಲ್ಲಿ. ದೊಡ್ಡಪ್ಪ ಡಿಸ್ಕ್ ಜೋಡಿಸಿದಾಗ ವಿಂಡೋಸ್ 7 ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ಕೇಳಿರುತ್ತದೆ, ಅವರು ಮೊದಲನೆಯದಕ್ಕೆ ಸೈ ಎಂದಿರುತ್ತಾರೆ. ಎಂಬಿಆರ್ ಎಂಬುದು 1983ರಲ್ಲಿ, 10 ಎಂಬಿ ಡಿಸ್ಕೇ ದೊಡ್ಡದೆನಿಸಿದ್ದ ಕಾಲದಲ್ಲಿ ಬಂದ ಪದ್ಧತಿ. ಅದರಲ್ಲಿ ಒಂದು ವಿಭಾಗ ಎಷ್ಟನೆಯ ಸೆಕ್ಟರಿನಿಂದ (ಡಿಸ್ಕಿನ ಜಾಗವನ್ನು ಎಣಿಸುವ ಪುಟ್ಟ ತುಂಡು) ಶುರುವಾಗಿ ಎಷ್ಟು ಉದ್ದ ಇದೆ ಎಂದು ಬರೆಯಲು 32 ಬಿಟ್‌ಗಳ ಮನೆ ಮಾತ್ರ ಇದೆ. ಆ ಮನೆಯಲ್ಲಿ ಹಿಡಿಸುವ ಸಂಖ್ಯೆ 429 ಕೋಟಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸೆಕ್ಟರೊಂದಕ್ಕೆ 512 ಬೈಟಿನಂತೆ ಗುಣಿಸಿದರೆ ಸರಿಯಾಗಿ 2048 ಜಿಬಿ. ಅದರಾಚೆಯ ಜಾಗ ಇದ್ದರೂ ಪಟ್ಟಿಯಲ್ಲಿ ಅದನ್ನು ಬರೆಯುವ ಉಪಾಯವಿಲ್ಲ. ಹೊಸ ಪದ್ಧತಿಯಾದ ಜಿಪಿಟಿಗೆ ಈ ತೊಡಕಿಲ್ಲ.

ಸಾಗರ ದೊಡ್ಡಪ್ಪ, ಬೆಳಿಗ್ಗೆ 8:22
ಅರ್ಥವಾಯಿತು, ಮಾಣಿ. ಹಾಜರಿ ಪುಸ್ತಕದಲ್ಲಿ ಕ್ರಮಸಂಖ್ಯೆಯ ಕಾಲಮ್ಮು ಮೂರು ಅಂಕಿಗಷ್ಟೇ ಅಗಲವಾಗಿದ್ದರೆ ಸಾವಿರನೆಯ ಹುಡುಗ ಬೆಂಚಿನ ಮೇಲೆ ಕೂತಿದ್ದರೂ ಹಾಜರಿ ಬೀಳುವುದಿಲ್ಲ. ಇಂಥದ್ದನ್ನು ನಾನು ಹಿಂದೊಮ್ಮೆ ಕಂಡಿದ್ದೇನೆ. 2004ರಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿದ ಕಂಪ್ಯೂಟರಿನಲ್ಲಿ 160 ಜಿಬಿ ಡಿಸ್ಕು 127 ಜಿಬಿ ಎಂದು ತೋರಿಸಿತ್ತು. ಸರ್ವಿಸ್ ಪ್ಯಾಕ್ ಹಾಕಿದ ಮೇಲೆ ಸರಿಯಾಯಿತು.

ನಾನು, ಬೆಳಿಗ್ಗೆ 8:34
ಅದು ಇದರ ಅಣ್ಣ. ಆಗ ಕಟ್ಟುಬಿದ್ದದ್ದು ಡಿಸ್ಕಿಗೆ ಕಳಿಸುವ 28 ಬಿಟ್‌ಗಳ ವಿಳಾಸ, ಅದು ಸುಮಾರು 13,700 ಕೋಟಿ ಬೈಟಿಗೆ ನಿಲ್ಲುತ್ತಿತ್ತು. ಆಮೇಲೆ 48 ಬಿಟ್ ಮಾಡಿದರು.

ಹುಬ್ಬಳ್ಳಿ ಭಾವ, ಬೆಳಿಗ್ಗೆ 9:10
ಹಾಗಾದರೆ ಅಂಗಡಿಯವನ ಕ್ಷಮೆ ಕೇಳಿದ್ದೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕ್ಯಾಸೆಟ್ಟು ಮುನ್ನೂರು, ಟೇಪು ತೊಂಬತ್ತು ಎಂದು ದೊಡ್ಡಮಾವನೇ ಪಟ್ಟಿ ಮಾಡಿದ್ದಾರೆ. ವಿಡಿಯೋ ಟೇಪಿಗೆ ಗಂಟೆಗೆ 13 ಜಿಬಿ ಹಿಡಿದರೂ 1200 ಜಿಬಿ ದಾಟುವುದಿಲ್ಲ, ಕ್ಯಾಸೆಟ್ಟುಗಳು 300 ಜಿಬಿಯೊಳಗೆ ಮುಗಿಯುತ್ತವೆ. 2048 ಸಾಕಲ್ಲ? ಇದ್ದದ್ದನ್ನು ಇದ್ದಂತೆ ಬಿಟ್ಟರೆ ಏನು ನಷ್ಟ?

ನಾನು, ಬೆಳಿಗ್ಗೆ 9:26
ಲೆಕ್ಕ ಸರಿ, ಆದರೆ ಅದರಲ್ಲಿ ಅತ್ತೆಯ ಮನೆಯ ನೆಗೆಟಿವ್‌ಗಳ ಸ್ಕ್ಯಾನ್ ಇಲ್ಲ, ನಿಮ್ಮ ಮನೆಯ ಮದುವೆಯ ಹೊಸ ವಿಡಿಯೋಗಳೂ ಇಲ್ಲ. ಮೇಲಾಗಿ ಜಿಪಿಟಿಗೆ ಬದಲಿಸುವ ಮೊದಲು ಒಳಗಿರುವುದನ್ನು ಬೇರೆ ಡಿಸ್ಕಿಗೆ ಸಾಗಿಸಬೇಕು. ಇಂದು ತೆರವು ಮಾಡಬೇಕಾದದ್ದು 600 ಜಿಬಿ, ಮುಂದಿನ ವರ್ಷ 1800 ಆಗಿರುತ್ತದೆ. ಆ ಕಂಪ್ಯೂಟರಿನ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ 30 ಎಂಬಿ ಹರಿದರೆ ಹೆಚ್ಚು. 600 ಜಿಬಿಗೆ ಐದೂವರೆ ಗಂಟೆಯಾದರೆ 1800ಕ್ಕೆ ಹದಿನಾರು ಹದಿನೇಳು ಗಂಟೆ. ಮಳೆಗಾಲದ ಸಾಗರದಲ್ಲಿ ಕರೆಂಟು ಅಷ್ಟು ಹೊತ್ತು ಎಡೆಬಿಡದೆ ಇದ್ದದ್ದನ್ನು ಯಾರಾದರೂ ನೋಡಿದ್ದೀರಾ?

ಸಾಗರ ದೊಡ್ಡಪ್ಪ, ಬೆಳಿಗ್ಗೆ 9:40
ನನ್ನ ಯೋಚನೆ ಬೇರೆಯೇ ಇದೆ. ಹಳೆಯ 160 ಜಿಬಿ ಡಿಸ್ಕನ್ನು ತೆಗೆದುಹಾಕಿ, ವಿಂಡೋಸನ್ನೂ ಈ 4 ಟಿಬಿಯಲ್ಲೇ ಹಾಕಿ, ಒಂದೇ ಡಿಸ್ಕಿನಲ್ಲಿ ಸಂಸಾರ ನಡೆಸಿದರೆ ಹೇಗೆ?

ನಾನು, ಬೆಳಿಗ್ಗೆ 9:58
ಅದೊಂದು ಬೇಡ ದೊಡ್ಡಪ್ಪ. ನಿಮ್ಮದು 2009ರಲ್ಲಿ ಅಸೆಂಬಲ್ ಮಾಡಿಸಿದ ಜಿ31 ಚಿಪ್‌ಸೆಟ್ಟಿನ ಬೋರ್ಡು. ಅದರಲ್ಲಿ ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ ಹಳೆಯ ಬಯಾಸ್, ಈಗಿನ ಯುಇಎಫ್ಐ ಅಲ್ಲ. ಜಿಪಿಟಿ ಡಿಸ್ಕಿನಿಂದ ವಿಂಡೋಸ್ ಏಳಬೇಕಾದರೆ ಯುಇಎಫ್ಐ ಬೇಕೇ ಬೇಕು. ಬರೀ ಕಡತ ಇಡುವ ಡಿಸ್ಕಾದರೆ ವಿಂಡೋಸ್ 7 ಜಿಪಿಟಿಯನ್ನು ಯಾವ ತಕರಾರೂ ಇಲ್ಲದೆ ಓದುತ್ತದೆ, ಬರೆಯುತ್ತದೆ. ಹಾಗಾಗಿ ವಿಂಡೋಸ್ ಈಗಿರುವ ಪುಟ್ಟ ಡಿಸ್ಕಿನಲ್ಲೇ ಇರಲಿ, ದೊಡ್ಡದು ಉಗ್ರಾಣವಾಗಲಿ. ಆ 160 ಜಿಬಿಗೂ ವಯಸ್ಸಾಗಿದೆ, ಅದರ ಬದಲು 120 ಜಿಬಿಯ ಎಸ್‌ಎಸ್‌ಡಿ ಹಾಕಿದರೆ ಕಂಪ್ಯೂಟರು ಬೇಗ ಏಳುತ್ತದೆ ಎಂಬುದು ನನ್ನ ಬಹಳ ದಿನಗಳ ವರಾತ.

ಹುಬ್ಬಳ್ಳಿ ಭಾವ, ಬೆಳಿಗ್ಗೆ 10:20
ಎಂಬಿಆರ್ ಡಿಸ್ಕನ್ನು ಒಳಗಿರುವುದನ್ನು ಅಳಿಸದೆಯೇ ಜಿಪಿಟಿ ಮಾಡುವ ಉಚಿತ ತಂತ್ರಾಂಶಗಳಿವೆ. ನಾನೇ ಕಚೇರಿಯಲ್ಲಿ ಮಾಡಿದ್ದೇನೆ. ಹತ್ತು ನಿಮಿಷದ ಕೆಲಸಕ್ಕೆ ಇಷ್ಟು ಪೀಠಿಕೆ ಏಕೆ?

ನಾನು, ಬೆಳಿಗ್ಗೆ 10:31
ಇವೆ, ಬಹುತೇಕ ಸಲ ಸರಿಯಾಗಿಯೇ ಕೆಲಸ ಮಾಡುತ್ತವೆ. ಕಚೇರಿಯ ಡಿಸ್ಕಿಗೆ ಇನ್ನೊಂದು ಪ್ರತಿ ಇದ್ದಿರುತ್ತದೆ ಭಾವ, ಇದಕ್ಕೆ ಇಲ್ಲ. ತಾಳಮದ್ದಳೆಯಲ್ಲಿ ಅಜ್ಜ ಹೇಳಿದ ಕರ್ಣನ ಅರ್ಥದ (ಪಾತ್ರದ ಮಾತಿನ) ಕ್ಯಾಸೆಟ್ಟು ಡಿಜಿಟಲ್ ಮಾಡುವಾಗಲೇ ಎರಡು ಕಡೆ ಹರಿದು, ದೊಡ್ಡಪ್ಪ ಬ್ಲೇಡಿನಿಂದ ಕತ್ತರಿಸಿ ಸೆಲ್ಲೋಟೇಪು ಹಚ್ಚಿ ಹೇಗೋ ಒಂದು ಸಲ ಓಡಿಸಿದರು. ಇನ್ನೊಂದು ಸಲ ಅದು ಓಡುವುದಿಲ್ಲ. ಎರಡನೆಯ ಪ್ರತಿ ಆಗುವವರೆಗೆ ಆ ಡಿಸ್ಕಿನ ವಿಭಾಗಪಟ್ಟಿಯನ್ನು ಯಾರೂ ಮುಟ್ಟಬಾರದು ಎಂಬುದೊಂದೇ ನನ್ನ ಹಟ. ಪ್ರತಿ ಕೈಯಲ್ಲಿದ್ದರೆ ನಿಮ್ಮ ತಂತ್ರಾಂಶವೂ ಬೇಡ, ಎಲ್ಲ ಅಳಿಸಿ ಶುದ್ಧವಾಗಿ ಜಿಪಿಟಿ ಮಾಡಿಬಿಡಬಹುದು.

ಮೈಸೂರು ಅತ್ತೆ, ಬೆಳಿಗ್ಗೆ 10:52
ನನ್ನ ಬಳಿ 2013ರಲ್ಲಿ ಕೊಂಡ 3 ಟಿಬಿಯ ಎಕ್ಸ್‌ಟರ್ನಲ್ ಇದೆ. ಮೊಮ್ಮಕ್ಕಳ ಫೋಟೋ ಬಿಟ್ಟರೆ ಅದು ಖಾಲಿ. ಅಮ್ಮನ ಶ್ರಾದ್ಧಕ್ಕೆ ತಾಳಗುಪ್ಪ ರೈಲಿನಲ್ಲಿ ಬರುವಾಗ ತಂದುಕೊಡುತ್ತೇನೆ. ಮದರ್‌ಬೋರ್ಡ್ ಸುಡುವುದಿಲ್ಲ ಎಂದು ಮಾಣಿ ಬರೆದುಕೊಟ್ಟರೆ ಮಾತ್ರ.

ಸಾಗರ ದೊಡ್ಡಪ್ಪ, ಬೆಳಿಗ್ಗೆ 11:03
ಬಹಳ ಒಳ್ಳೆಯದು. ಯುಎಸ್‌ಬಿ ಅಷ್ಟು ನಿಧಾನವಾದರೆ ಅದರ ಪ್ಲಾಸ್ಟಿಕ್ ಕವಚ ಬಿಚ್ಚಿ, ಒಳಗಿನ ಡಿಸ್ಕನ್ನು ನೇರವಾಗಿ ಬೋರ್ಡಿಗೆ ಸಿಕ್ಕಿಸುತ್ತೇನೆ. ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ.

ಪುಣೆ ತಂಗಿ, ಬೆಳಿಗ್ಗೆ 11:07
ಅಪ್ಪಾ, ಬಿಚ್ಚಬೇಡಿ! ಇದೇ ಸಾಹಸವನ್ನು ನಾನು ಮಾಡಿ ಒಂದು ಇಡೀ ರಾತ್ರಿ ಅತ್ತಿದ್ದೇನೆ. ಅಂಥದ್ದೇ 3 ಟಿಬಿ ಎಕ್ಸ್‌ಟರ್ನಲ್‌ನ ಯುಎಸ್‌ಬಿ ಕಿಂಡಿ ಸಡಿಲವಾಯಿತೆಂದು ಕವಚ ಒಡೆದು ಡಿಸ್ಕನ್ನು ನೇರವಾಗಿ ಜೋಡಿಸಿದರೆ, ತುಂಬಿದ ಡಿಸ್ಕು ಖಾಲಿಯಾಗಿ ಕಂಡು, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಆ ಕವಚದೊಳಗಿನ ಪುಟ್ಟ ಸರ್ಕ್ಯೂಟ್ ಹಲಗೆ 512 ಬೈಟಿನ ಎಂಟು ಸೆಕ್ಟರುಗಳನ್ನು ಒಟ್ಟುಗೂಡಿಸಿ 4096 ಬೈಟಿನ ಒಂದು ಸೆಕ್ಟರೆಂದು ಕಂಪ್ಯೂಟರಿಗೆ ಹೇಳುತ್ತಿತ್ತಂತೆ. ಸೆಕ್ಟರು ದೊಡ್ಡದಾದರೆ ಅಣ್ಣ ಹೇಳಿದ 32 ಬಿಟ್‌ಗಳ ಮನೆಯಲ್ಲೇ 16 ಟಿಬಿವರೆಗೆ ಹಿಡಿಸುತ್ತದೆ, ಎಕ್ಸ್‌ಪಿ ಇಟ್ಟುಕೊಂಡವರಿಗೂ 3 ಟಿಬಿ ಪೂರ್ತಿ ಕಾಣಲಿ ಎಂದು ಆ ಉಪಾಯ. ಹಲಗೆ ತೆಗೆದಕೂಡಲೇ ಲೆಕ್ಕವೆಲ್ಲ ಎಂಟು ಪಟ್ಟು ತಪ್ಪುತ್ತದೆ. ಒಳಗಿರುವುದು ಅಳಿಸಿರುವುದಿಲ್ಲ, ಹಳೆಯ ಹಲಗೆಗೆ ಮರಳಿ ಸಿಕ್ಕಿಸಿದಾಗ ನನಗೆ ಎಲ್ಲವೂ ಸಿಕ್ಕಿತು. ಗಾಬರಿಯಲ್ಲಿ ಫಾರ್ಮ್ಯಾಟಿಗೆ ಸೈ ಎಂದಿದ್ದರೆ ಕಥೆ ಬೇರೆಯಾಗುತ್ತಿತ್ತು.

ನಾನು, ಬೆಳಿಗ್ಗೆ 11:19
ಅತ್ತೆಯ ಫಾರ್ವರ್ಡಿನಲ್ಲಿ ಒಂದು ಕಾಳು ಸತ್ಯವಿದ್ದರೆ ಅದು ಈ ಜಾತಿಯದ್ದೇ. ಯಾವುದೂ ಸುಡುವುದಿಲ್ಲ, ಆದರೆ ಸಾಟಾ ಡಿಸ್ಕನ್ನು (ನೇರವಾಗಿ ಬೋರ್ಡಿಗೆ ಸಿಕ್ಕಿಸುವಂಥದ್ದನ್ನು) ಯುಎಸ್‌ಬಿಗೆ ಜೋಡಿಸುವ ಹಳೆಯ ಅಡಾಪ್ಟರುಗಳಲ್ಲಿ ಕೆಲವು 2048 ಜಿಬಿ ದಾಟಿದೊಡನೆ ಸೊನ್ನೆಯಿಂದ ಎಣಿಸಲು ಶುರುಮಾಡುತ್ತವೆ. 3 ಟಿಬಿ ಡಿಸ್ಕು 746 ಜಿಬಿ ಎಂದು ಕಂಡರೆ ಅದೇ ಲಕ್ಷಣ. ಹಾಗೆ ಕಂಡ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು.

ಹುಬ್ಬಳ್ಳಿ ಭಾವ, ಮಧ್ಯಾಹ್ನ 12:02
ಒಪ್ಪಿದೆ. ನನ್ನದೂ ಒಂದು ಹಟ ಇರಲಿ. ಟಿಬಿ ಲೆಕ್ಕ ನಿಮ್ಮದಾಯಿತು, ಕಂಪ್ಯೂಟರಿಗೆ ಕರೆಂಟು ಹಂಚುವ ಆ ಎಸ್‌ಎಮ್‌ಪಿಎಸ್ ಪೆಟ್ಟಿಗೆಯ ಲೆಕ್ಕ ಯಾರದು? ಹದಿನೈದು ವರ್ಷ ದಾಟಿದೆ. ಹೋದ ಬೇಸಿಗೆಯಲ್ಲಿ ನಾನು ಪೆಟ್ಟಿಗೆ ಬಿಚ್ಚಿ ದೂಳು ಹೊಡೆದಾಗ ಅದರ ಫ್ಯಾನು ಕೈಯಿಂದ ತಳ್ಳಿದರೆ ಮಾತ್ರ ತಿರುಗುತ್ತಿತ್ತು. ಮದರ್‌ಬೋರ್ಡಿನ ಮೇಲೆ ಎರಡು ಕೆಪಾಸಿಟರುಗಳು ಹೊಟ್ಟೆ ಉಬ್ಬಿಸಿಕೊಂಡಿದ್ದವು. ಸುಡುವುದಾದರೆ ಅದು ಸುಡುತ್ತದೆ, ಹೋಗುವಾಗ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ನಾನು, ಮಧ್ಯಾಹ್ನ 12:10
ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ನೀವು ಹೇಳಿದ್ದೇ ಸರಿ. ಈ ವಿಷಯವನ್ನು ಮೊದಲು ನಾನೇ ಎತ್ತಬೇಕಿತ್ತು. ಹೊಸ ಎಸ್‌ಎಮ್‌ಪಿಎಸ್ ನಾನು ಕೊಂಡು ಕಳಿಸುತ್ತೇನೆ. ಅತ್ತೆಯ ಡಿಸ್ಕು ಪ್ರತಿಯಾದ ಮೇಲೆ ಮೈಸೂರಿಗೇ ಹಿಂತಿರುಗಲಿ, ಎರಡೂ ಒಂದೇ ಕಪಾಟಿನಲ್ಲಿ ಇರುವುದು ಬೇಡ.

ಮೈಸೂರು ಅತ್ತೆ, ಮಧ್ಯಾಹ್ನ 12:15
ಹಾಗಾದರೆ ಆ ಫಾರ್ವರ್ಡನ್ನು ನಾನು ಅಳಿಸುವುದಿಲ್ಲ.

ಹದಿನೆಂಟು ದಿನಗಳ ನಂತರ

ಸಾಗರ ದೊಡ್ಡಪ್ಪ, ರಾತ್ರಿ 9:37
ಹೊಸ ಎಸ್‌ಎಮ್‌ಪಿಎಸ್ ಕೂತಿದೆ. ಯುಪಿಎಸ್ ಇದ್ದರೂ ಪ್ರತಿ ಮಾಡುವ ಕೆಲಸ ಎರಡು ಬಾರಿ ಅರ್ಧಕ್ಕೆ ನಿಂತಿತು, ಮೂರನೆಯ ಬಾರಿ ಮುಗಿಯಿತು. ಮೈಸೂರಿನ ತಂಗಿಯ ಡಿಸ್ಕನ್ನು ಪುಣೆಯ ಮಗಳ ಲ್ಯಾಪ್‌ಟಾಪಿಗೆ ಹಾಕಿ, ಕರ್ಣನ ಅರ್ಥವನ್ನು ಕೊನೆಯವರೆಗೆ ಕೇಳಿ, ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆಯೇ 4 ಟಿಬಿಯನ್ನು ಅಳಿಸಿ ಜಿಪಿಟಿ ಮಾಡಿದೆ. ಈಗ ಒಂದೇ ನೀಲಿ ಪಟ್ಟಿ ಬಂದಿದೆ, ಅದರ ಕೆಳಗೆ 3725.90 ಜಿಬಿ ಎಂದಿದೆ.

ಹುಬ್ಬಳ್ಳಿ ಭಾವ, ರಾತ್ರಿ 9:41
ದೊಡ್ಡಮಾವ, ಅಂದು ಕೂಡಿಸಿದಾಗ 3726.02 ಇತ್ತು. ಉಳಿದ 0.12 ಜಿಬಿ ಎಲ್ಲಿಗೆ ಹೋಯಿತು?

ನಾನು, ರಾತ್ರಿ 9:44
ವಿಂಡೋಸ್ 7 ಜಿಪಿಟಿ ಡಿಸ್ಕಿನಲ್ಲಿ 128 ಎಂಬಿಯನ್ನು ತನಗೆಂದು ತೆಗೆದಿಟ್ಟುಕೊಳ್ಳುತ್ತದೆ ಭಾವ. ಅಂಗಡಿಯವನಿಗೆ ಇನ್ನೂ ಫೋನ್ ಮಾಡಿಲ್ಲವಷ್ಟೆ?